ನರಿಯಣ್ಣನ ಬಾಲದೆಣ್ಣೆ ಜಾಹೀರಾತು

ಗಲಾಟೆ ಸಾಕು, ಹತ್ತಿರ ಬಂದು ಕೂತ್ಕೊಳ್ಳಿ. ಒಂದು ರಾಜ್ಯ ಇತ್ತು, ಪೂರಾ ಕಾಡು. ಅಲ್ಲಿ ನೀಲವ್ವ ಅಂತ ಒಂದು ಗೊರವಂಕ. ಸುಮ್ಮನೆ ಕೂರೋಳಲ್ಲ. ಮುತ್ತುಗದ ಎಲೆ ಮೇಲೆ ಕೊಕ್ಕಿನಿಂದ ಬರೆದು ವಾರಕ್ಕೊಂದು ಪತ್ರಿಕೆ ತರೋಳು. ಎಲ್ಲಿ ಹಣ್ಣಾಗಿದೆ, ಎಲ್ಲಿ ಹುಲಿ ತಿರುಗ್ತಿದೆ, ಎಲ್ಲ ಅದರಲ್ಲಿ! ನಡುವಿನ ಪುಟದಲ್ಲಿ 'ಆಮೆಜ್ಜಿಯನ್ನು ಕೇಳಿ'. ಹೊಟ್ಟೆನೋವು ಅಂತ ಮೊಲ ಕೇಳಿದರೆ ಆಮೆಜ್ಜಿ ಔಷಧ ಹೇಳೋಳು. ಅಜ್ಜಿ ಹೇಳಿದರೆ ಮುಗೀತು, ಎರಡನೇ ಮಾತಿಲ್ಲ.

ಓದುಗರು ಕೊಡೋದು ಹಿಡಿ ಕಾಳು. ಎಲೆ ಕೀಳೋ ಅಳಿಲಿಗೆ, ಪತ್ರಿಕೆ ಹಂಚೋ ಕೋತಿಗೆ ಕೊಟ್ಟರೆ ನೀಲವ್ವನ ಮರಿಗಳಿಗೆ ಏನೂ ಉಳೀತಿರಲಿಲ್ಲ.

ಆಗ ಬಂದ ನೋಡಿ ನರಿಯಣ್ಣ, ಬಾಲ ಬೆಳೆಸೋ ಎಣ್ಣೆ ಮಾರೋನು! "ನೀಲವ್ವಾ, ಮೂಟೆ ಜೋಳ ಕೊಡ್ತೀನಿ. ಕೊನೇ ಪುಟದಲ್ಲಿ ನನ್ನ ಎಣ್ಣೆ ಹಾಕು."

ನೀಲವ್ವ ಹಾಕಿದಳು. ಮೇಲೆ 'ಜಾಹೀರಾತು' ಅಂತ ಬರೆದಳು. ಮೊಲಗಳು ನಕ್ಕು ಪುಟ ತಿರುಗಿಸಿದವು.

ಮುಂದಿನ ವಾರ ನರಿ ಮೊದಲ ಪುಟ ಕೇಳಿದ. ಹಾಕಿದಳು, ಮೇಲೆ 'ಜಾಹೀರಾತು' ಅಂತ ಬರೆದಳು. ಮೊಲಗಳು ಮತ್ತೆ ನಕ್ಕವು.

ಮೂರನೇ ವಾರ ನರಿಗೆ ಕೋಪ ನೆತ್ತಿಗೇರಿತು. "ಜಾಹೀರಾತು ಅಂತ ಬರೀಬೇಡ. ಆಮೆಜ್ಜಿ ಬಾಯಲ್ಲೇ ಹೇಳಿಸು, ಎಣ್ಣೆ ಬಲು ಒಳ್ಳೇದು ಅಂತ. ಇಲ್ಲಾಂದ್ರೆ ನನ್ನ ಜೋಳ ಬಂದ್, ನಿನ್ನ ಪತ್ರಿಕೆಯೂ ಬಂದ್!"

ಪಾಪ, ನೀಲವ್ವ ಹಾರಿ ಹೋಗಿ ಆಮೆಜ್ಜಿಗೆ ಎಲ್ಲ ಹೇಳಿದಳು. ಆಮೆಜ್ಜಿ ಅಂದಳು, "ನನ್ನ ಮಾತು ನಂಬಿ ಮೊಲದ ಮರಿಗಳು ಹಚ್ಕೊಳ್ತವೆ ಕಣೇ." ಅದು ಕೇಳಿ ನೀಲವ್ವ ಅತ್ತೇಬಿಟ್ಟಳು. ಅತ್ತು ಮುಗಿಸಿ ನರಿಯ ಹತ್ತಿರ ಹೋದಳು.

"ಆಗಲಿ ನರಿಯಣ್ಣ, ಅಜ್ಜಿ ಪುಟದಲ್ಲೇ ಹಾಕ್ತೀನಿ. ಆದರೆ ಕಣ್ಣಾರೆ ನೋಡದೆ ಅಜ್ಜಿ ಏನೂ ಹೇಳಲ್ಲ. ನಾಳೆ ಕೆರೆ ದಂಡೆಗೆ ಬಂದು ಎಲ್ಲರೆದುರು ಹಚ್ಚಿ ತೋರಿಸು."

ಪುಕ್ಕಟೆ ಪ್ರಚಾರ ಸಿಕ್ತು ಅಂತ ನರಿ ಕುಣೀತಾ ಬಂದ. ಎಣ್ಣೆ ಹಚ್ಚೋಕೆ ಮೊಲದ ಮರಿಯ ಕಡೆ ಕೈ ಚಾಚಿದ.

"ಅದಕ್ಕಲ್ಲಪ್ಪ, ನಿನ್ನ ಬಾಲಕ್ಕೆ," ಅಂದಳು ಆಮೆಜ್ಜಿ.

"ನನಗೆ ನೆಗಡಿ ಅಜ್ಜಿ," ಅಂದ ನರಿ.

"ಬಾಲಕ್ಕೆಂಥ ನೆಗಡಿ? ಹಚ್ಚು."

"ಇವತ್ತು ಅಮಾವಾಸ್ಯೆ ಅಜ್ಜಿ."

"ಇರಲಿ, ಹಚ್ಚು."

ಕೋತಿಗೆ ತಾಳ್ಮೆ ಎಲ್ಲಿಂದ ಬರಬೇಕು? ಎಣ್ಣೆ ಬುರುಡೆ ಕಿತ್ಕೊಂಡು ನರಿಯ ಬಾಲದ ಮೇಲೆ ಬಗ್ಗಿಸೋಕೆ ಹೋಯ್ತು. "ಅಯ್ಯಯ್ಯೋ, ಬೇಡ! ಇರೋ ಕೂದಲೂ ಉದುರುತ್ತೆ!" ಅಂತ ಕಿರುಚಿ ನರಿ ಕಾಲಿಗೆ ಬುದ್ಧಿ ಹೇಳಿದ.

ಆ ವಾರ ಅಜ್ಜಿ ಪುಟದಲ್ಲಿ ನರಿಯಣ್ಣನ ಎಣ್ಣೆ ಬಂತು. ಪ್ರಶ್ನೆ: ಎಣ್ಣೆ ಹೇಗಿದೆ? ಉತ್ತರ: ಮಾರೋನು ತನ್ನ ಬಾಲಕ್ಕೆ ಹಚ್ಕೊಳ್ಳಲಿಲ್ಲ.

ಜೋಳ ನಿಂತಿತು. ಇನ್ನು ಪತ್ರಿಕೆ ಮುಗೀತು ಅಂತ ನೀಲವ್ವ ಗೂಡಲ್ಲಿ ಮುದುರಿ ಕೂತಿದ್ದಳು. ಬೆಳಗಾದರೆ ಮೊಲಗಳ ಸಾಲು! ಇಡೀ ವರ್ಷದ ಚಂದಾ ಕಾಳು ಮೊದಲೇ ತಂದಿದ್ದವು. ಹಿಂದೆಯೇ ಜೇನುರಾಣಿ ಬಂದಳು.

"ನಮ್ಮ ತುಪ್ಪದ ಜಾಹೀರಾತು ಹಾಕಮ್ಮ. ಜಾಹೀರಾತು ಅಂತ ದೊಡ್ಡದಾಗೇ ಬರಿ. ನಿನ್ನ ಪತ್ರಿಕೇಲಿ ಬಂದರೆ ಜನ ನಂಬ್ತಾರೆ."

ಗೊತ್ತಾಯ್ತೇನ್ರೋ? ಪತ್ರಿಕೆಯವರು ಜಾಗ ಮಾರಿ ಹೊಟ್ಟೆ ಹೊರೀಬಹುದು, ತಪ್ಪಿಲ್ಲ. ಓದೋರ ನಂಬಿಕೆ ಮಾತ್ರ ಮಾರಬಾರದು. ಅದು ಹೋದರೆ ಆ ಜಾಗ ಕೊಳ್ಳೋರೂ ಇರಲ್ಲ.