ತಣ್ಣನೆ ಹಾಸುಗಲ್ಲಿಗೆ ಕೊಟ್ಟದ್ದು

"ಕೇಳ್ರಪ್ಪೋ ಕೇಳಿ! ಅಮ್ಮಣ್ಣಿ ಚಂಪಕವ್ವೆಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅಮ್ಮಣ್ಣಿಯ ಕೈ, ಅರ್ಧ ರಾಜ್ಯ, ಮೇಲೆ ಕೇಳಿದ ಒಂದು ವರ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಉರುಳುತ್ತೆ. ಹೊತ್ತು ಮೂಡಿದಾಗ ಕೂತವನಿಗೆ ಹೊತ್ತು ಮುಳುಗೋವರೆಗೆ ಗಡುವು!"

ಗಗನದುರ್ಗದ ಮಲೆಯರಸ ತನ್ನ ಮಗಳಿಗಾಗಿ ಹೀಗಂತ ಡಂಗುರ ಹೊಡೆಸಿದ್ದೇ ತಡ, ರಾಜಕುಮಾರರು, ಸಾಹುಕಾರರ ಮಕ್ಕಳು ಮೀಸೆ ತಿರುವಿಕೊಂಡು ಬಂದರು. ಬಂದವರೆಲ್ಲ ಸೆರೆಮನೆ ಸೇರಿದರು. ಹಾಗೆ ಸೆರೆ ಸೇರಿದ ಒಂಬತ್ತು ಜನರಲ್ಲಿ ಕೊನೆಯವನು ಕೆಂಚ, ಬೀಸುವ ಕಲ್ಲು ಕುಟ್ಟುವವನು.

ಸುದ್ದಿ ಕೇಳಿ ಕೆಂಚನ ತಮ್ಮ ದ್ಯಾವನ ಎದೆ ಧಸಕ್ಕೆಂದಿತು. ತಾಯಿ ತಂದೆ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ, ಉಳಿ ಹಿಡಿಯೋದು ಕಲಿಸಿದವನು ಅಣ್ಣನೇ. ಅಮಾವಾಸ್ಯೆಗೆ ಉಳಿದಿದ್ದು ಎರಡೇ ದಿನ. ದ್ಯಾವ ಉಳಿ, ಸುತ್ತಿಗೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕೋಟೆ ಹತ್ತಿದ.

ಅರಮನೆಯ ಒಳಸಾಲೆ ಎಂಬ ಹಜಾರ ನೋಡಿದವನಿಗೆ ಮೈ ಜುಮ್ಮೆಂದಿತು. ಬಿಸಿಲೇ ಸುಳಿಯದ ಆ ಸಾಲೆಯ ನಟ್ಟನಡುವೆ ಕರಿಯ ಹಾಸುಗಲ್ಲು. ಬೇಸಿಗೆಯಲ್ಲೂ ಅದು ಹಾವಿನ ಮೈಯಂತೆ ತಣ್ಣಗಂತೆ! ಒಗಟು ಬಿಡಿಸುವವರು ಕೂರಬೇಕಾದ್ದು ಅದರ ಮೇಲೇ. ಬಂದ ದೊರೆಮಕ್ಕಳೆಲ್ಲ ಅದರ ಮೇಲೆ ಮಖಮಲ್ಲಿನ ಮೆತ್ತೆ ಹಾಸಿಕೊಂಡೇ ಕೂತಿದ್ದರು. ಹೊತ್ತು ಮೂಡುತ್ತಲೇ ದ್ಯಾವ ತನ್ನ ಕಂಬಳಿ ಹಾಸಿ ಕೂತ.

ಚಂಪಕವ್ವೆ ಮೊದಲನೆಯದನ್ನು ಕೇಳಿದಳು: "ದಿನಾ ತಿನ್ನುತ್ತೆ, ಹೊಟ್ಟೆ ತುಂಬಲ್ಲ. ತಿಂದು ತಿಂದು ಹಲ್ಲು ಸವೆಯುತ್ತೆ. ಏಟು ಬಿದ್ದ ದಿನ ಹೊಸ ಹಲ್ಲು ಹುಟ್ಟುತ್ತೆ. ಯಾವುದದು?"

ಇದಕ್ಕೆ ಒಬ್ಬ ರಾಜಕುಮಾರ ಮೊಸಳೆ ಅಂದಿದ್ದ, ಇನ್ನೊಬ್ಬ ಯಮ ಅಂದಿದ್ದ. ದ್ಯಾವನಿಗೆ ನಗು ಬಂತು.

"ಬೀಸುವ ಕಲ್ಲು, ಅಮ್ಮಣ್ಣಿ. ನುಣ್ಣಗಾದ ಕಲ್ಲನ್ನ ಉಳಿಯಲ್ಲಿ ಕುಟ್ಟಿ ಹಲ್ಲು ಎಬ್ಬಿಸೋದೇ ನಮ್ಮ ಕಸುಬು."

"ಸರಿ. ಬಾಗಿಲಿಲ್ಲದ ಬಿಳಿ ಮನೆ. ಹೊರಗಿನವರು ಒಡೆದರೆ ಒಳಗಿನವನಿಗೆ ಸಾವು, ಒಳಗಿನವನೇ ಒಡೆದರೆ ಹುಟ್ಟು. ಆ ಮನೆಯ ಕೀಲಿಕೈ ಯಾವುದು?"

ಸಾಹುಕಾರನ ಮಗನೊಬ್ಬ ಕೇಳಿ ಮುಗಿಯೋ ಮುಂಚೆಯೇ "ಮೊಟ್ಟೆ!" ಅಂತ ಕೂಗಿ ಕೆಟ್ಟಿದ್ದ. ಕೇಳಿದ್ದು ಮನೆಯನ್ನಲ್ಲವಲ್ಲ, ಕೀಲಿಕೈಯನ್ನ! ದ್ಯಾವ ಬೆರಳು ಮಡಿಸಿ ಎಣಿಸಿದ.

"ಇಪ್ಪತ್ತೊಂದು ದಿನ, ಅಮ್ಮಣ್ಣಿ. ಕೋಳಿ ಅಷ್ಟು ದಿನ ಅಲ್ಲಾಡದೆ ಕೂತರೆ ಬಾಗಿಲು ತಾನೇ ತೆರೆಯುತ್ತೆ."

ಸಭೆ ಪಿಸುಗುಟ್ಟಿತು. ಇಲ್ಲಿಯವರೆಗೆ ಕೆಂಚನೂ ಬಂದಿದ್ದ. ಮೂರನೆಯದರಲ್ಲಿ ಅವಸರ ಮಾಡಿ "ಪೂಜೆ!" ಅಂದವನು ನೇರ ಸೆರೆಮನೆಗೆ ಹೋಗಿದ್ದ.

ಚಂಪಕವ್ವೆಯ ದನಿ ತಗ್ಗಿತು. "ನೀನು ಕೂತಿರುವ ಕಲ್ಲಿಗೆ ಏಳು ತಲೆಮಾರಿನಿಂದ ಯಾರೂ ಕೊಡದ್ದು ಒಂದಿದೆ. ಕೊಟ್ಟರೆ ಕಣ್ಣಿಗೆ ಕಾಣಲ್ಲ, ಕೈಗೆ ತಿಳಿಯುತ್ತೆ. ಬಡವನೂ ಕೊಡಬಹುದು, ಅವಸರದವನು ಕೊಡಲಾರ. ಏನದು?"

ದ್ಯಾವ ಕಂಬಳಿ ಎತ್ತಿ ನೋಡಿದ. ಕಲ್ಲು ಮುಟ್ಟಿದ. ಕಂಬಳಿಯನ್ನು ಮಡಚಿ ಪಕ್ಕಕ್ಕಿಟ್ಟು, ಬರೀ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಉತ್ತರ ಹೇಳೋ!" ಅಂದ ಅರಸ.

"ಇನ್ನೂ ಬಂದಿಲ್ಲ ಬುದ್ಧೀ. ಬಂದಾಗ ಹೇಳ್ತೀನಿ."

ಚಳಿ ಮೊದಲು ತೊಡೆಗೆ, ಆಮೇಲೆ ಬೆನ್ನಿಗೆ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಕಾಲು ಇದೆಯೋ ಇಲ್ಲವೋ ತಿಳಿಯದಾಯಿತು. ಆಸ್ಥಾನದವರು ಉಂಡು ಬಂದು ನಕ್ಕರು. ತಲೆ ಕಡಿಯುವವನು ಎದುರಿಗೇ ಕೂತು ಕತ್ತಿ ಮಸೆದ. ಎದ್ದುಬಿಡೋಣ ಅಂತ ದ್ಯಾವನಿಗೆ ಅನ್ನಿಸಲಿಲ್ಲವೇ? ನೂರು ಸಲ ಅನ್ನಿಸಿತು. ಅಯ್ಯೋ, ಎದ್ದರೆ ಅಣ್ಣನ ಕತೆ ಮುಗಿಯಿತಲ್ಲ! ಹಲ್ಲು ಕಚ್ಚಿ ಕೂತ. ಚಂಪಕವ್ವೆ ಊಟಕ್ಕೂ ಹೋಗದೆ ಅವನನ್ನೇ ನೋಡುತ್ತಿದ್ದಳು.

ಹೊತ್ತು ಮುಳುಗಲು ಗೇಣುದ್ದ ಇರುವಾಗ ದ್ಯಾವ ಎರಡೂ ಕೈ ಊರಿ ಎದ್ದ.

"ಈಗ ಬಂತು. ಮುಟ್ಟಿ ನೋಡಿ ಅಮ್ಮಣ್ಣಿ."

ಚಂಪಕವ್ವೆ ಅವನು ಕೂತಿದ್ದ ಜಾಗದ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಅಪ್ಪಾಜಿ... ಬೆಚ್ಚಗಿದೆ!"

ಅರಸ ಸಿಂಹಾಸನದಿಂದ ಇಳಿದು ಬಂದು, ಮಂಡಿಯೂರಿ ಮುಟ್ಟಿದ. ಅಜ್ಜ ಮುತ್ತಜ್ಜರ ಕಾಲದಿಂದ ಹೆಣದಂತೆ ತಣ್ಣಗಿದ್ದ ಕಲ್ಲು ಬೆಚ್ಚಗಿತ್ತು. ಮಂತ್ರಿ ಮುಟ್ಟಿದ, ಕತ್ತಿಯವನೂ ಕತ್ತಿ ಕೆಳಗಿಟ್ಟು ಬಂದು ಮುಟ್ಟಿದ.

"ಮೈಯ ಬಿಸಿ, ಅದೇ ಉತ್ತರ," ಅಂದ ದ್ಯಾವ. "ಮೆತ್ತೆ ಹಾಕಿದರೆ ಅದು ಕಲ್ಲಿಗೆ ಸೇರಲ್ಲ, ಬೇಗ ಎದ್ದರೆ ಹುಟ್ಟಲ್ಲ. ಬಾಯಲ್ಲಿ ಬೆಳಗ್ಗೆಯೇ ಹೇಳಬಹುದಿತ್ತು ಅಮ್ಮಣ್ಣಿ. ಆದರೆ ಕೊಡದೆ ಕೊಟ್ಟೆ ಅಂದರೆ ಸುಳ್ಳಾಗುತ್ತಿತ್ತು."

"ಬಾಯಲ್ಲಿ ಹೇಳಿದ್ದರೆ ನಿನ್ನನ್ನೂ ಸೆರೆಗೆ ಕಳಿಸುತ್ತಿದ್ದೆ," ಅಂದಳು ಚಂಪಕವ್ವೆ. "ನನಗೆ ಬೇಕಾಗಿದ್ದು ಬುದ್ಧಿವಂತನಲ್ಲ, ಕಷ್ಟ ಬಂದಾಗ ಎದ್ದುಹೋಗದವನು. ವರ ಕೇಳು."

"ಸೆರೆಯಲ್ಲಿರೋ ಒಂಬತ್ತೂ ತಲೆ ಕೊಡಿ. ಒಂದು ನಮ್ಮಣ್ಣನದು."

ಅರಸ ಆಗಲಿ ಎಂದ. ಮದುವೆ ನಿಶ್ಚಯವಾಯಿತು, ಅರ್ಧ ರಾಜ್ಯ ಬರೆದುಕೊಟ್ಟದ್ದೂ ಆಯಿತು. ಬೇಡಿ ಕಳಚಿ ಕೆಂಚನನ್ನು ಕರೆತಂದಾಗ ತಮ್ಮನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ನಡೆದದ್ದನ್ನೆಲ್ಲ ಕೇಳಿದ ಕೆಂಚ ಕಲ್ಲನ್ನು ಸವರಿ ನೋಡಿದ.

"ಥೂ ನನ್ನ! ಕೂತಿದ್ದರೆ ಸಾಕಿತ್ತೇನೋ?"

"ಹೂಂ ಕಣಣ್ಣ, ಅಷ್ಟೇ."

ಕೆಂಚ ನೆಲಕ್ಕೆ ಕುಕ್ಕರಿಸಿ, ತಮ್ಮನ ಮರಗಟ್ಟಿದ ಪಾದಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, ಎರಡೂ ಅಂಗೈಯಲ್ಲಿ ಉಜ್ಜುತ್ತ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ.