ಅಲುಗಾಡದ ಕೊಕ್ಕರೆಯ ಭಾರೀ ವಿಡಿಯೊ

ದೂರದ ಕೆರೆಯ ಮರಿಗಳಿಗೆ ಮೀನು ಹಿಡಿಯುವ ಪಾಠ ಕಳಿಸಲೆಂದು ಬಕಮ್ಮ ಎಂಬ ಕೊಕ್ಕರೆ ಕ್ಯಾಮೆರಾದ ಮುಂದೆ ಗಂಟೆಗಟ್ಟಲೆ ಒಂಟಿಕಾಲಲ್ಲಿ ನಿಂತು, ಕೊನೆಗೆ ಗಬಕ್ಕನೆ ಒಂದು ಮೀನು ಹಿಡಿದಳು. "ನವಿಲಿನ ಕುಣಿತಕ್ಕೆ ಕೊಟ್ಟಷ್ಟೇ ಬಿಟ್‌ರೇಟ್ ನನಗೂ ಇರಲಿ!" ಎಂದು ವಿಡಿಯೊ ಸಿದ್ಧಪಡಿಸುವ ಗೊರವಂಕಕ್ಕೆ ಅಪ್ಪಣೆ ಮಾಡಿದಳು.

ಆ ಫೈಲನ್ನು ತುಂಬಿಕೊಳ್ಳಲು ಹೋದ ಪೆನ್‌ಡ್ರೈವ್ ಚೀರಿತು: "ಅಮ್ಮಾ, ಹೊಟ್ಟೆ ಬಿರಿಯುತ್ತಿದೆ! ಅರ್ಧವೂ ಒಳಗೆ ಹಿಡಿಸುತ್ತಿಲ್ಲ." ಅದನ್ನು ಹೊತ್ತೊಯ್ಯಬೇಕಿದ್ದ ಪಾರಿವಾಳ ಆಗಲೇ ರೆಕ್ಕೆ ಬಿಚ್ಚಿತ್ತು.

ಬಕಮ್ಮನಿಗೆ ದಿಗಿಲಾಯಿತು. "ನಾನು ಅಲುಗಾಡಲೇ ಇಲ್ಲವಲ್ಲ, ಇಷ್ಟು ಭಾರ ಎಲ್ಲಿಂದ ಬಂತು?"

"ಕುಣಿದರೂ ನಿಂತರೂ ಪ್ರತಿ ಸೆಕೆಂಡಿಗೂ ಅಷ್ಟೇ ಮಾಹಿತಿ ತುಂಬು ಎಂದಿರಿ, ತುಂಬಿದೆ. ಗಂಟೆಗಟ್ಟಲೆ ಸೇರಿ ಅದು ಬೆಟ್ಟವಾಯಿತು," ಎಂದಿತು ಗೊರವಂಕ. "ಸುಮ್ಮನೆ ನಿಂತದ್ದನ್ನು ಕತ್ತರಿಸಲೇ?"

"ಕಾಯುವುದೇ ಪಾಠ, ಪೆದ್ದೇ! ನಿಂತಿರುವಷ್ಟು ಹೊತ್ತು ಬಿಟ್‌ರೇಟ್ ಇಳಿಸು. ಮೀನು ಚಿಮ್ಮುವ ಗಳಿಗೆಗೆ ಮಾತ್ರ ಧಾರಾಳವಾಗಿ ಸುರಿ."

ಗೊರವಂಕ ಹಾಗೇ ಮಾಡಿತು. ಫೈಲು ಸರ್ರನೆ ಕುಗ್ಗಿ ಪೆನ್‌ಡ್ರೈವಿನಲ್ಲಿ ಹಾಯಾಗಿ ಕೂತಿತು. ಚಿತ್ರ ಕಣ್ಣಿಗೆ ಕಾಣುವಷ್ಟು ಮಾಸಲೂ ಇಲ್ಲ. ಪಾರಿವಾಳ ಹಾರಿತು. ಬಕಮ್ಮ ಹಿಗ್ಗಿ ಹೀರೆಕಾಯಿಯಾಗಿ, ಕೆಸರೆಲ್ಲ ಸಿಡಿಯುವಂತೆ ಥಕಥೈ ಕುಣಿದಳು. ಮರಿಗಳ ಪುಣ್ಯ, ಅಷ್ಟರಲ್ಲಿ ಕ್ಯಾಮೆರಾ ಆಫ್ ಆಗಿತ್ತು.