ಡಿಕ್ಕಿಯಲ್ಲಿ ಕೂತ ಧಣಿ

ಮನಾಲಿಯ ಆ ಉಡುಪಿ ಹೋಟೆಲಿನಲ್ಲಿ ಅಂದು ಬೆಳಿಗ್ಗೆಯೂ ಎಂದಿನಂತೆ ಇಡ್ಲಿ ಬೇಯುತ್ತಿತ್ತು. ಹೊರಗೆ ದಪ್ಪಗೆ ಹಿಮ ಬಿದ್ದಿತ್ತು. ಮಾಲೀಕ ವಿಠಲ ಹೆಗ್ಡೆಯವರು ಕೊಳ್ಳುವ ಮೊದಲು ಓಡಿಸಿ ನೋಡಲೆಂದು ಸ್ಪೋರ್ಟ್ಸ್ ಕಾರೊಂದನ್ನು ತರಿಸಿದ್ದರು. ಅದರ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಇಂಜಿನ್ನಿನ ಬಲ.

“ನಾಲ್ಕೂ ಚಕ್ರ ಎಳೆಯುವ ಕಾರನ್ನೇ ತಕೊಳ್ಳಿ ಧಣಿ. ಇದು ಹಿಮದಲ್ಲಿ ಜಾರುತ್ತದೆ,” ಎಂದ ಚಾಲಕ ಜಿನ್ನಪ್ಪ.

“ಜಾರುವುದು ಕಾರಲ್ಲ ಮಾರಾಯ, ನಿನ್ನ ಕೈ! ಎದುರಿನ ಏರು ಹತ್ತಿಸು. ಆಗದಿದ್ದರೆ ಕೆಲಸ ಬಿಟ್ಟು ನಿನ್ನ ಊರು ಕಾರ್ಕಳಕ್ಕೆ ಹೊರಡು.”

ಚಕ್ರಗಳು ಗಿರ್ರನೆ ತಿರುಗಿದವು. ಕಾರು ಕದಲಲಿಲ್ಲ.

“ಹಿಂದಕ್ಕೆ ಭಾರ ಬೇಕು ಧಣಿ.” ಜಿನ್ನಪ್ಪ ಅವರ ಹೊಟ್ಟೆಯನ್ನು ವಿನಯದಿಂದ ನೋಡಿದ. “ನೀವು ಡಿಕ್ಕಿಯಲ್ಲಿ ಕೂತರೆ ಹತ್ತಿಸುತ್ತೇನೆ.”

ಹಟಕ್ಕೆ ಬಿದ್ದ ಹೆಗ್ಡೆಯವರು ಕೂತೇಬಿಟ್ಟರು. ಕಾರು ಸರಾಗವಾಗಿ ಏರಿತು. ತೆರೆದ ಡಿಕ್ಕಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅವರಿಗೆ ಪೇಟೆಯ ಅಂಗಡಿಯವರೆಲ್ಲ ಎದ್ದು ನಿಂತು ಕೈಮುಗಿದರು.

“ಇನ್ನು ಚಳಿಗಾಲವಿಡೀ ನಾನು ಹೀಗೇ ಕೂರಬೇಕೇನೋ?” ಎಂದು ಹೆಗ್ಡೆಯವರು ಮೇಲೆ ತಲುಪಿದಾಗ ಗುಡುಗಿದರು.

“ನಾಳೆಯಿಂದ ಒಂದು ದಿಂಬು ಇಡುತ್ತೇನೆ ಧಣಿ.”

ಸಂಜೆಯೊಳಗೆ ನಾಲ್ಕೂ ಚಕ್ರ ಎಳೆಯುವ ಕಾರು ಬುಕ್ ಆಯಿತು.

ಹಿಂದಕ್ಕೆ ಭಾರ ಬೇಕೆಂದು ಜಿನ್ನಪ್ಪ ಹೇಳಿದಾಗ, ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು.